ನೂರ ಅರವತ್ತು ಪೌಂಡು

ರೆಡ್‌ರೂತಿನ ಆ ಓಣಿಯ ಕೊನೆಯ ಮನೆ.
ಹಿತ್ತಲಲ್ಲಿ ಹಿಂದೆ ಬಟ್ಟೆ ಒಗೆಯುವ ಕೋಣೆ ಇತ್ತಂತೆ;
ಈಗ ಅಲ್ಲಿ ಲೇತು, ಬೆಂಚು, ಅರಗಳ ಸಾಲು,
ಲೋಹದ ಪುಡಿಯಲ್ಲಿ ಹೆಜ್ಜೆ ಮೂಡಿಸಿ ಓಡಾಡುವ ಬೆಕ್ಕು.

ನಾನು ಬಾಯ್ಲರ್ ನೋಡಲು ಹೋದವನು.
ಕ್ಲಬ್ಬು ವಹಿಸಿದ ಕೆಲಸ; ಸಂಬಳವಿಲ್ಲ, ಚಹಾ ಉಂಟು,
ಸ್ನೇಹ ಕೆಡುವುದಂತೂ ಖಾತ್ರಿ.

ಲವ್‌ಡೇ ಪ್ಯಾಸ್ಕೊ ಮೂವತ್ತೊಂದು ವರ್ಷ
ಪರರ ಹಲ್ಲು ಮಾಡಿದವಳು:
ಟ್ರೂರೋದಲ್ಲಿ ಮೇಣ ಕೊರೆದು, ಲೋಹ ಎರೆದು,
ಯಾರದೋ ನಗೆಗೆ ಹೊಂದುವಷ್ಟು ಉಜ್ಜಿದವಳು.
"ಒಬ್ಬರೂ ಬಂದು ನಕ್ಕು ತೋರಿಸಲಿಲ್ಲ ನೋಡಿ"
ಅಂದಳು, ಕೆಟಲ್ ಇಡುತ್ತ.
ಅದಕ್ಕೇ ಇರಬೇಕು, ಒಂಬತ್ತು ವರ್ಷ
ತನ್ನ ಕಣ್ಣೆದುರೇ ಓಡುವಂಥದ್ದೊಂದನ್ನು ಮಾಡುತ್ತ ಕೂತದ್ದು.

ಚಕ್ರ ಆರು, ಚಹಾ ತಟ್ಟೆಯಗಲ.
ಕೂಡುಗೋಲು ಬೆಣ್ಣೆಚಾಕುವಿನಷ್ಟು.
ತಿರುಪುಗಳೋ, ಸಾಸಿವೆ; ಬಿದ್ದರೆ
ಅಯಸ್ಕಾಂತ ಹಿಡಿದು ನೆಲ ಗುಡಿಸಬೇಕು.
ಎಲ್ಲವೂ ಹನ್ನೊಂದರಲ್ಲೊಂದು ಪಾಲು,
ನೀರೊಂದನ್ನು ಬಿಟ್ಟು.
ನೀರಿಗೆ ಅಳತೆಪಟ್ಟಿ ಓದಲು ಬರದು.
ಚಿಕ್ಕ ಎಂಜಿನ್ನೆಂದು ಅದು ಚಿಕ್ಕದಾಗಿ ಕುದಿಯದು,
ಸಿಡಿದರೆ ಹನ್ನೊಂದರಲ್ಲೊಂದು ಪಾಲು ಸುಡದು.
ಇದನ್ನು ಹೇಳಲೆಂದೇ ನನ್ನಂಥವರಿರುವುದು.

ತಾಮ್ರದೊಳಗೆ ಕಂಠಮಟ್ಟ ತಣ್ಣೀರು ತುಂಬಿ,
ಗುಳ್ಳೆಯೊಂದೂ ಉಳಿಯದಂತೆ ಓಲಾಡಿಸಿ,
ಕೈಪಂಪು ಜೋಡಿಸಿದೆ.
ಓಡುವಾಗ ಎಂಬತ್ತು ಪೌಂಡು; ಪರೀಕ್ಷೆಗೆ ಅದರ ಇಮ್ಮಡಿ.
ನಲವತ್ತು. ಎಂಬತ್ತು. ಬೆಕ್ಕು ಹೊರಗೆ ಹೋಯಿತು.
ನೂರಿಪ್ಪತ್ತು. ಅವಳು ಸಕ್ಕರೆ ಕಲಕುತ್ತಲೇ ಇದ್ದಳು,
ಸಕ್ಕರೆ ಹಾಕಿರಲೇ ಇಲ್ಲ.
ನೂರ ಅರವತ್ತು.

ಮುಳ್ಳು ನಿಂತಿತು. ನಿಂತಂತೆ ಕಂಡಿತು.
ಆಮೇಲೆ, ಕೂದಲೆಳೆಯಷ್ಟು, ಹಿಂದೆ.

ಅವಳೇ ಕೊಟ್ಟಳು ಹಲ್ಲು ನೋಡುವ ಕನ್ನಡಿ,
ಉದ್ದ ಹಿಡಿಯ ತುದಿಗೆ ಕಾಸಗಲದ್ದು.
ಬೆಂಕಿಗೂಡಿನ ಬಾಯೊಳಗೆ ತೂರಿಸಿ, ಟಾರ್ಚು ಹಿಡಿದು,
"ಆ ಅನ್ನು" ಎಂದೆ ತಾಮ್ರಕ್ಕೆ. ಅವಳು ನಗಲಿಲ್ಲ.
ಎಡಗೋಡೆ, ಮೂರನೆಯ ಸಾಲು, ಎರಡನೆಯ ಸರಳಿನ ಬುಡ:
ಒಂದು ಹನಿ. ಬೀಳದು. ಒಣಗದು.
ಒರೆಸಿದರೆ ಮತ್ತೆ, ಅದೇ, ಅಲ್ಲೇ.

ಹೇಳುವ ಮೊದಲೇ ಅವಳಿಗೆ ಗೊತ್ತು:
ಒಂದು ಹನಿಗೆ ಬೆಳ್ಳಿಬೆಸುಗೆ ಹಾಕಲು
ಇಡೀ ಬಾಯ್ಲರ್ ಕೆಂಪಗೆ ಕಾಯಬೇಕು;
ಕಾಯುವಾಗ ಹಳೆಯ ಬೆಸುಗೆಗಳೆಲ್ಲ,
ನಾಲ್ಕು ಚಳಿಗಾಲದವು,
ತಾವೂ ಕರಗೋಣವೇ ಎಂದು ಯೋಚಿಸತೊಡಗುತ್ತವೆ.

"ಸುಣ್ಣ ಕಟ್ಟಿ ತಾನೇ ಮುಚ್ಚೀತು ಅನ್ನುತ್ತಾರಲ್ಲ ಕೆಲವರು?"
"ಅನ್ನುತ್ತಾರೆ."
"ನೀವು?"
ನಾನು ಚಹಾ ಕುಡಿದೆ. ಆರಿತ್ತು.
ಫಾರಂನಲ್ಲಿ 'ಇಲ್ಲ' ಎಂದು ಬರೆದು ತಾರೀಖು ಹಾಕಿದೆ.
ಬಾಗಿಲವರೆಗೆ ಅವಳು ಬರಲಿಲ್ಲ.

ಮತ್ತೆ ಫೋನು ಬಂದದ್ದು ಎರಡು ವರ್ಷಕ್ಕೆ.
ಕಿಟಕಿಯ ಕಟ್ಟೆಯಲ್ಲಿ, ಉದ್ದಕ್ಕೆ ಕೊಯ್ದ ಹಳೆಯ ಬಾಯ್ಲರು,
ಅದರ ತುಂಬ ಮಣ್ಣು, ಥೈಮ್ ಗಿಡ.
"ನೀರು ಬಸಿಯೋಕೆ ನಿಮ್ಮ ತೂತು ಸಾಲಲಿಲ್ಲ,
ಇನ್ನೂ ನಾಲ್ಕು ಕೊರೆದೆ" ಅಂದಳು.
ಹೊಸದು ಬೆಂಚಿನ ಮೇಲಿತ್ತು.
ನೂರ ಅರವತ್ತಕ್ಕೆ ಏರಿದ ಮುಳ್ಳು
ಇಪ್ಪತ್ತು ನಿಮಿಷ ಬಳಿದ ಬಣ್ಣದಂತೆ ಕೂತಿತು.
ನಾನು ಇಪ್ಪತ್ತೈದು ನೋಡಿದೆ.

ಆಮೇಲೆ ಬೆಂಕಿ. ಅಡಕೆಯಷ್ಟಕ್ಕೆ ಒಡೆದ ಕಲ್ಲಿದ್ದಲು,
ಟೀ ಚಮಚದಂಥ ಸಲಿಕೆ.
ಎಸರು ಮರಳುವ ಸದ್ದು ಮೊದಲು,
ಎಣ್ಣೆ ಕಾದ ವಾಸನೆ,
ಮತ್ತೆ ಸಿಲಿಂಡರು ಕೆಮ್ಮಿ ನನ್ನ ಬೂಟಿನ ಮೇಲೆ
ಕಪ್ಪು ನೀರು ಉಗುಳಿತು.
ಲಿವರ್ ಮುಂದಕ್ಕಿತ್ತು. ಎಂಜಿನ್ನು ಹಿಂದಕ್ಕೆ ಹೊರಟಿತು,
ಅವಳನ್ನೂ ಗಾಡಿಯನ್ನೂ ದಬ್ಬಿಕೊಂಡು
ಲೀಕ್ ಸಸಿಗಳ ಪಕ್ಕದ ಹದಿನಾಲ್ಕು ಗಜ.

ಎಲ್ಲೋ ಒಂದು ಕೀಲು ತಿರುಗುಮುರುಗು.
ಒಂದು ದಿನದ ಕೆಲಸ, ಹೆಚ್ಚೆಂದರೆ ಎರಡು.
ಹೇಳೋಣವೆಂದು ತಲೆಯೆತ್ತಿದರೆ
ಅವಳು ಬಾಯಿ ತೆರೆದು ನಗುತ್ತಿದ್ದಳು.
ಮುಂದಿನೆರಡು ಹಲ್ಲು ಸೊಟ್ಟ. ಸ್ವಂತದವು.

ಪೆನ್ನು ಬೂಟಿನ ಹತ್ತಿರ ಬಿದ್ದಿತ್ತು.
ಬಗ್ಗಿ ಎತ್ತುವಷ್ಟರಲ್ಲಿ
ಅದು ಮತ್ತೆ ಹೊರಟಿತ್ತು, ಹಿಂದಕ್ಕೇ.