ಏಳನೇ ಪ್ರಶ್ನೆ

ಶಿಡ್ಲಘಟ್ಟ. ಗೂಡಿನ ಮಾರುಕಟ್ಟೆ ಹಿಂದಿನ ಓಣಿ.
ನಮೂನೆಯ ಮೇಲೆ ಅಪ್ಪನ ಹೆಬ್ಬೆಟ್ಟು ಬಿದ್ದಾಗಿತ್ತು,
ಶಾಯಿ ಇನ್ನೂ ಹಸಿ.
"ನನ್ದೆಲ್ಲಿ?" ಅಂದಳು ನಸೀಹಾ, ವಯಸ್ಸು ಹತ್ತು.
ಹನ್ನೊಂದಂತೆ, ತಿದ್ದಿಸಿದಳು.

ಜಾಗವಿರಲಿಲ್ಲ. ಕೈಯಲ್ಲೇ ಗೆರೆ ಎಳೆದುಕೊಟ್ಟೆ,
ಸೊಟ್ಟಗಾಯಿತು.
ರೆಕಾರ್ಡರಿನ ಕೆಂಪು ಗುಂಡಿ ತೋರಿಸಿ
ಇದನ್ನು ಆರಿಸೋದು ನಿನ್ನ ಕೈಲಿ, ಎಂದೆ.
ನಂಬಲಿಲ್ಲ; ಮೂರು ಸಲ ಆರಿಸಿ ನೋಡಿದಳು.

ಏಳನೇ ಪ್ರಶ್ನೆಗೆ: "ಹೇಳಲ್ಲ."
ಕುದಿನೀರಲ್ಲಿ ಎಳೆಯ ತುದಿ ಹುಡುಕುವ ಹಾಗೆ
ಕೆದಕಿ ಕಲಿತ ಬೆರಳು ನನ್ನದು.
ಮಡಚಿಕೊಂಡೆ.

ಬರೆದಿದ್ದನ್ನು ಓದಿ, ಅಂದಳು. ಓದಿದೆ.
"ನತದೃಷ್ಟ ಅಂದ್ರೇನು?"
ಹೇಳಿದೆ.
"ಗೀಟಾಕಿ ಅದಕ್ಕೆ.
ಕೇರಂನಲ್ಲಿ ಅಣ್ಣನ್ನ ಸೋಲಿಸ್ತೀನಿ, ಅದನ್ನ ಬರ್ಕೊಳ್ಳಿ."

ವರದಿಯಲ್ಲಿ ಏಳನೇ ಸಾಲು ನೋಡಿ
ಮೇಲಿನವರು ಕೇಳಿದರು, ಉತ್ತರ ಸಿಗಲಿಲ್ಲವೇ?
ಸಿಕ್ಕಿದೆ ಸಾರ್.
"ಹೇಳಲ್ಲ" ಅಂತ.