ಎಪ್ಪತ್ತು ಸುತ್ತು

ನಾನಾ ಪೇಠೆಯ ನಮ್ಮ ಅಂಗಡಿಯಲ್ಲಿ
ಸುಟ್ಟ ಮೋಟಾರುಗಳಿಗೆ ಮತ್ತೆ ತಂತಿ ಸುತ್ತುತ್ತೇವೆ:
ಮಿಕ್ಸರು, ಪಂಪು, ಹಿಟ್ಟಿನ ಗಿರಣಿ,
ಒಮ್ಮೆ ಮದುವೆ ಬ್ಯಾಂಡಿನವರ ಜನರೇಟರು.
"ಎಣಿಸ್ಕೋತ ಸುತ್ತವ್ವಾ" ಅನ್ನುತ್ತಿದ್ದ ಅಪ್ಪ,
"ಬಾಯಾಗ ಮಾತು ಬಂತಂದ್ರ ಕೈಯಾಗ ಲೆಕ್ಕ ತಪ್ಪತೈತಿ."

ಕೇಕಿ ಬಾಟ್ಲಿವಾಲಾ ತಂದು ಮೇಜಿನ ಮೇಲಿಟ್ಟದ್ದು
ಹುಣಸೆಬೀಜದಷ್ಟು ಆರ್ಮೇಚರು.
ಮೊದಲು ನಕ್ಕೆ. ಆಮೇಲೆ ಕೂದಲಂಥ ತಂತಿ ಹುಡುಕಿ
ನನ್ನ ಕನ್ನಡಕದ ಮೇಲೆ ಅಪ್ಪನದನ್ನೂ ಏರಿಸಿಕೊಂಡು ಕೂತೆ.
ಮೂರು ಕಂಬ, ಕಂಬಕ್ಕೆ ಎಪ್ಪತ್ತು ಸುತ್ತು.
ಅರವತ್ತೆಂಟಕ್ಕೆ ಹಾಲಿನವನು ಗಂಟೆ ಬಾರಿಸಿದ.
ಬಿಚ್ಚಿದೆ.
ಒಂದು, ಎರಡು.

ಶುಕ್ರವಾರ ರಾತ್ರಿ, ಕ್ಯಾಂಪಿನಲ್ಲಿ,
ಮುಚ್ಚಿಹೋದ ಬೇಕರಿಯ ಮಹಡಿ.
ಗೋಡೆಗೆ ಇನ್ನೂ ಬಿಸ್ಕತ್ತಿನ ವಾಸನೆ.
ಹಲಗೆಯಲ್ಲಿ ಆರು ಸೀಳು, ಸೀಳಿನ ಇಕ್ಕೆಲಕ್ಕೂ ತಾಮ್ರದ ಪಟ್ಟಿ,
ಅದರೊಳಗೆ ನಾಲಗೆ ಇಳಿಬಿಟ್ಟು ಓಡುವ
ಅಂಗೈಯುದ್ದದ ಕಾರುಗಳು.
ಸ್ಟೀರಿಂಗ್ ಇಲ್ಲ. ಎಲ್ಲಿಗೆ ಅನ್ನುವುದನ್ನು
ಕೇಕಿ ಎರಡು ಮಳೆಗಾಲ ಕೂತು ಕೊರೆದುಬಿಟ್ಟಿದ್ದಾನೆ;
ಎಷ್ಟು ಜೋರು ಅನ್ನುವುದಷ್ಟೇ ಬೆರಳಿನದು.
ದೊಡ್ಡ ತಿರುವಿಗೆ ಕಾತ್ರಜ್ ಎಂದು ಹೆಸರು,
ಏರಿ ಇಳಿಯುವುದಕ್ಕೆ ಖಂಬಾಟ್ಕಿ,
ಮೂಲೆಯ ಹಾವಿಗೆ ದಿವೇ ಘಾಟ್.

ಹುಝೈಫಾ ಲೋಖಂಡವಾಲಾ, ರವಿವಾರ ಪೇಠೆಯಲ್ಲಿ
ತೂಕಕ್ಕೆ ನಟ್ಟು ಬೋಲ್ಟು ಮಾರುವವನು,
ಕೇಳದೆಯೇ ಎಲ್ಲ ಹೇಳಿಕೊಟ್ಟ:
ಪಾಲಿಶ್ ಪೇಪರಿನ ಮೇಲೆ ಟೈರು ತಿರುಗಿಸಿ ಗುಂಡಗೆ ಮಾಡುವುದು,
ಸೀಸದ ಚೂರು ಎಲ್ಲಿ ಅಂಟಿಸಿದರೆ ಬಾಲ ಹಾರದು,
ಪಿನಿಯನ್ನಿಗೂ ಕ್ರೌನಿಗೂ ನಡುವೆ
ಸಿಗರೇಟಿನ ಕಾಗದದಷ್ಟೇ ಸಂದು.
"ಸದ್ದು ಕೇಳು ಬೆಹನ್, ಕಿರುಚಿದರೆ ಬಿಗಿ,
ಗೊಣಗಿದರೆ ಸಡಿಲ."
ಮತ್ತೆ ಒಂದೇ ಒಂದು ನಿಯಮ:
ಓಡಿಸದವರು ತಿರುವಿಗೆ ನಿಲ್ಲಬೇಕು.
ಹಾರಿಬಿದ್ದದ್ದು ಯಾರದೇ ಆಗಲಿ
ಎತ್ತಿ, ಸೀಳಿಗೆ ಕೂರಿಸಿ, ಕೈ ತೆಗೆಯಬೇಕು.

ಅವತ್ತು ನಾನು ದಿವೇ ಘಾಟು.
ಎಪ್ಪತ್ತು ಸುತ್ತಿನ ಪಂದ್ಯ, ಅರವತ್ತೇಳು ಮುಗಿದಿತ್ತು.
ಕೇಕಿಯ ನೀಲಿ ಕಾರಿನ ಹೊಟ್ಟೆಯಲ್ಲಿ ನನ್ನ ತಂತಿ
ಸೊಳ್ಳೆಯ ಹಾಗೆ ಹಾಡುತ್ತ,
ಹುಝೈಫಾನ ಹಸಿರಿಗೆ ಕಾಲು ಸುತ್ತು ಹಿಂದೆ.
ಹಸಿರು ಬಂತು, ಬಾಲ ಎಸೆಯಿತು,
ನನ್ನ ಮೊಣಕೈಗೆ ಬಡಿದು ಮಗುಚಿತು.

ಎತ್ತಿದೆ. ಕೋಳಿಮರಿಯಷ್ಟು ಬೆಚ್ಚಗೆ.
ನಾಲಗೆಯ ಪಕ್ಕದ ತಾಮ್ರದ ಹೆಣಿಗೆ
ತುಸು, ತೀರಾ ತುಸು, ಮಡಚಿತ್ತು.
ಹಾಗೇ ಇಟ್ಟಿದ್ದರೂ ಓಡುತ್ತಿತ್ತು.
ಉಗುರಿನಿಂದ ನೇರ ಮಾಡಿದೆ.
ಒಂದು ಸಲ. ಇನ್ನೊಂದು ಸಲ.
ನೀಲಿ ದಾಟಿಹೋದ ಸದ್ದು ಕೇಳಿದ ಮೇಲೆ
ಕೂರಿಸಿ ಕೈ ತೆಗೆದೆ.

ಒಂದೂವರೆ ಕಾರಿನಷ್ಟು ಅಂತರ.
ಕೇಕಿ ಎಲ್ಲರಿಗೂ ಮಾವಾ ಕೇಕು ಹಂಚಿ
"ಇವಳ ವೈಂಡಿಂಗು!" ಎಂದು ಕೂಗಿದ.
ಹುಝೈಫಾ ಕಾರು ತಿರುವಿ ನೋಡಿ, ನನ್ನ ಹತ್ತಿರ ಬಂದು,
"ಹೆಣಿಗೆ ಸರಿ ಮಾಡಿದೆಯಲ್ಲ, ಶುಕ್ರಿಯಾ.
ಇನ್ಯಾರಾದರೂ ಆಗಿದ್ದರೆ ಹಾಗೇ ಬಿಸಾಕುತ್ತಿದ್ದರು" ಅಂದ.
ಹಣೆಯಲ್ಲಿ ಬೆವರಿತ್ತು, ಮುಖದಲ್ಲಿ ಬೇರೇನೂ ಇರಲಿಲ್ಲ.
ಕೇಕು ಗಂಟಲಲ್ಲಿ ಹಿಟ್ಟಾಗಿ ನಿಂತಿತು.

ಸೋಮವಾರ ಅಂಗಡಿಗೆ ಬಂದ.
ಕಾಗದದ ಪೊಟ್ಟಣದಲ್ಲಿ ಅವನ ಆರ್ಮೇಚರು,
ಕರಕಲು, ವಾರ್ನಿಶಿನ ಸುಟ್ಟ ನಾತ.
"ನನಗೂ ಎಪ್ಪತ್ತೇ ಸುತ್ತು. ಎಷ್ಟಾಗುತ್ತೆ?"
ಹಳೆಯ ತಂತಿ ಕಿತ್ತೆ. ಕಂಬ ಒರೆಸಿದೆ.
ದುಡ್ಡು ಬೇಡ ಅಂದೆ.
"ಯಾಕೆ?" ಅಂದ, ಸ್ಟೂಲು ಎಳೆದು ಕೂತು.
"ಯಾಕೆ ಬೇಡ, ಹೇಳು?"

ನಾನು ಎಣಿಸತೊಡಗಿದ್ದೆ.
ಮಾತಾಡುವಂತಿರಲಿಲ್ಲ.