ಕಾಲಂ ಏಳು

ಮುನಿರಾಬಾದಿನ ನಮ್ಮ ಕಚೇರಿಯಲ್ಲಿ
ಒಂದು ಉಕ್ಕಿನ ಅಳತೆಪಟ್ಟಿ ಇದೆ,
ಬಲೆಯ ಕಣ್ಣು ಅಳೆಯಲು ಕೊಟ್ಟದ್ದು.
ಹದಿನಾಲ್ಕು ವರ್ಷ ಅದರಿಂದ ತೂತುಗಳನ್ನೇ ಅಳೆದಿದ್ದೇನೆ.
ಕಣ್ಣು ಸಣ್ಣದಿದ್ದರೆ ಬಲೆ ಜಪ್ತಿ,
ಪಾಸಿಲ್ಲದಿದ್ದರೆ ಹರಿಗೋಲು ಜಪ್ತಿ,
ಆಷಾಢದ ಹೊಸ ನೀರಿಗೆ ಇಳಿದರೆ
ಎರಡೂ, ಮೇಲೆ ದಂಡ.
ನಿದ್ದೆಯಲ್ಲೂ ಇದನ್ನೇ ಒದರುತ್ತೇನೆಂದು ಹೆಂಡತಿಯ ದೂರು.

ಚಿಪ್ಪಿನ ಬಗ್ಗೆ ಮಾತ್ರ ಯಾರೂ ಕಲಿಸಿರಲಿಲ್ಲ.

ಗಾಳೆವ್ವ ಬಾರಕೇರಳ ಹೊಂಡ
ಹಿನ್ನೀರಿನಿಂದ ಒಂದು ಕೂಗಳತೆ.
ಬಿದಿರಿಗೆ ಕಟ್ಟಿದ ನೈಲಾನ್ ಚೀಲ,
ತೇಲಲೆಂದು ಖಾಲಿ ನೀರಿನ ಬಾಟಲಿ,
ಚೀಲಕ್ಕೆ ಎರಡೆರಡು ಕಪ್ಪೆಚಿಪ್ಪು,
ಸಾಕ್ಷಿ ಹೇಳಲು ಒಲ್ಲದವರ ಹಾಗೆ
ಬಾಯಿ ಬಿಗಿದು ಕೂತಿವೆ.
ಒಳಗೆ ಅವಳೇ ತೂರಿಸಿದ ಮಣಿ,
ಹದಿನೆಂಟು ತಿಂಗಳಿಗೆ ಮುತ್ತಾಗಬೇಕು.
ಮೂರು ದಿನದ ತರಬೇತಿಯಲ್ಲಿ ಕಲಿತ ವಿದ್ಯೆ;
ಅಲ್ಲಿ ಕೊಟ್ಟ ಸರ್ಟಿಫಿಕೇಟಿನಲ್ಲಿ
ಅವಳ ಹೆಸರು 'ಗಾಳಿವ್ವ'.

'ಮೀನಿಗೆ ಪಾಸ್ ಐತ್ರಿ. ಚಿಪ್ಪು ಮೀನೇನ್ರಿ?'
ನಾನು ಸುತ್ತೋಲೆ ತೆಗೆದೆ.
ಸುತ್ತೋಲೆಯ ಪ್ರಕಾರ ಚಿಪ್ಪೂ ಮೀನೇ,
ಸಿಗಡಿಯೂ ಮೀನೇ, ಏಡಿಯೂ ಮೀನೇ.
'ಹಂಗಾರ ಕಪ್ಪಿ?' ಅಂದ ಅವಳ ಮೊಮ್ಮಗ.
ಆ ಪುಟ ನಾನು ಓದಿರಲಿಲ್ಲ.

ಹೆಸರು, ಗಂಡನ ಹೆಸರು, ಹೊಂಡದ ಉದ್ದಗಲ.
ಚಿಪ್ಪು ಆರುನೂರಾ ನಲವತ್ತು.
'ಸತ್ತದ್ದೂ ಲೆಕ್ಕಕ್ಕ ಬರ್ತೈತೇನ್ರಿ?'
ಬರುತ್ತದೆ.

ಕಾಲಂ ಏಳು: ಚಿಪ್ಪು ಸಿಕ್ಕ ಜಾಗ.
'ಜಲಾಶಯ' ಎಂದು ಬರೆಯಲು ಹೊರಟೆ.
ಹಾಗೆ ಬರೆದರೆ ಅದು ಅನುಮತಿಯಿಲ್ಲದ ಸಂಗ್ರಹ,
ದಂಡ ಎರಡು ಪಟ್ಟು.
'ತಡೀರಿ' ಅಂದಳು ಗಾಳೆವ್ವ.
'ಸರ್ವೆ ನಂಬರ್ ಬರಕೊಳ್ರಿ, ನೂರಾ ಹನ್ನೆರಡು ಬಾರ್ ಮೂರು.
ನಮ್ಮಜ್ಜನ ಹೊಲ. ನಾಕು ಎಕರೆ, ಬಿಳಿಜ್ವಾಳ.
ಡ್ಯಾಂ ಕಟ್ಟಿದಾಗ ಮುಣುಗಿತು.
ಬ್ಯಾಸಗ್ಯಾಗ ನೀರು ಹಿಂದ ಸರದ್ರ
ಬದಾ ಕಾಣತೈತಿ, ಬನ್ನಿಗಿಡದ ಬೊಡ್ಡಿ ಕಾಣತೈತಿ.
ಆ ಬೊಡ್ಡಿ ಬುಡದಾಗ ಆರಿಸಿದ್ದು.
ನಮ್ಮ ಹೊಲದಾಗ ಬೆಳದದ್ದಕ್ಕ ಯಾರ ಪರವಾನಗಿ?'

'ಪರಿಹಾರ ಕೊಟ್ಟಿದ್ದಾರಲ್ಲ, ಆ ಕಾಲಕ್ಕೆ?'
ನನ್ನ ದನಿ ನನಗೇ ಸಣ್ಣಗೆ ಕೇಳಿಸಿತು.

'ಕೊಟ್ಟಿದ್ದು ಜ್ವಾಳದ ಹೊಲಕ್ರಿ. ಚಿಪ್ಪಿಗೆ ಯಾರು ಕೊಟ್ರು?'

ಮೇ ತಿಂಗಳ ಮಧ್ಯಾಹ್ನ.
ಕೆಸರು ಬಿರಿದು ಹೆಂಚಾಗಿತ್ತು.
ಬಹು ದೂರದಲ್ಲಿ ಒಂದು ಬೊಡ್ಡೆ ಕಪ್ಪಗೆ ನಿಂತಿತ್ತು,
ಬನ್ನಿಯೋ ಜಾಲಿಯೋ, ನಾನು ನಿಂತಲ್ಲಿಂದ ಹೇಳಲಾಗದು.
ನನ್ನ ಅಳತೆಪಟ್ಟಿ ಗೇಣುದ್ದದ್ದು.

ಬರೆದೆ. ನೂರಾ ಹನ್ನೆರಡು ಬಾರ್ ಮೂರು.
ಮೂರರ ಬಾಲದಲ್ಲಿ ಪೆನ್ನು ನಿಂತು
ಶಾಯಿ ಗುಡ್ಡೆಯಾಯಿತು.
ದಂಡ ಬಿಡಲಾಗಲಿಲ್ಲ:
ನೋಂದಣಿ ಇಲ್ಲದ ಹೊಂಡ, ಐನೂರು.
ಅವಳು ಎಲೆಚೀಲ ಬಿಚ್ಚಿ,
ಅಡಿಕೆ, ಸುಣ್ಣದ ಡಬ್ಬಿ ಪಕ್ಕಕ್ಕಿಟ್ಟು
ಹತ್ತರ ಇಪ್ಪತ್ತರ ನೋಟು ಎಣಿಸಿದಳು.
ಆ ಸುಣ್ಣವೂ ಚಿಪ್ಪು ಸುಟ್ಟದ್ದೇ ಇರಬೇಕು.
ನಾನು ಕೇಳಲಿಲ್ಲ.

ಕಾರ್ಬನ್ನಿನ ನೀಲಿ ಪ್ರತಿ ಹರಿದು ಕೊಟ್ಟೆ.
ಮೊಮ್ಮಗನ ಕೈಲಿ ಓದಿಸಿದಳು, ಎರಡು ಸಲ, ಬೆರಳಿಡಿಸಿ.
'ಗಾಳೆವ್ವ ಅಂತನ ಐತಿ?'
'ಐತಿ.'
'ಹೊಲದ ನಂಬರ?'
'ಅದೂ ಐತಬೇ.'
ನಾಲ್ಕು ಮಡಿಕೆ ಮಾಡಿ ಎಲೆಗಳ ನಡುವೆ ಇಟ್ಟುಕೊಂಡು
'ಸರ್ಕಾರದ ಕಾಗದದಾಗ ನಮ್ಮ ಹೊಲ
ಬರಲಾರದ ಎಷ್ಟು ವರ್ಷಾಗಿತ್ತು' ಅಂದಳು.
ಹೊಗಳಿದಳೋ ಬೈದಳೋ ತಿಳಿಯಲಿಲ್ಲ.

ಈಗ ಶ್ರಾವಣ.
ನೀರು ದಡ ಮುಟ್ಟಿದೆ, ಬೊಡ್ಡೆ ಇಲ್ಲ.
ಕೊಪ್ಪಳದ ಮೇಲಿನ ಕಚೇರಿಯಿಂದ ಆಕ್ಷೇಪಣೆ ಬಂದಿದೆ:
'ಕಾಲಂ ಏಳು. ಸದರಿ ಸರ್ವೆ ನಂಬರು
ಅಸ್ತಿತ್ವದಲ್ಲಿ ಇರುವುದಿಲ್ಲ.
ಏಳು ದಿನದೊಳಗೆ ವಿವರಣೆ ಸಲ್ಲಿಸುವುದು.'

ಇವತ್ತು ಒಂಬತ್ತನೆಯ ದಿನ.
ಫ್ಯಾನಿನ ಗಾಳಿಗೆ ಹಾರದಂತೆ
ಅದರ ಮೇಲೆ ಅಳತೆಪಟ್ಟಿ ಇಟ್ಟಿದ್ದೇನೆ.